ಕಂಡದ್ದು ಹೇಳಿದರೆ...

ಗೂಢಚಾರರು ಎಂದಾಕ್ಷಣ ನಮ್ಮ ವಯಸ್ಸಿನ ಹೆಂಗಸರಿಗೆ ನೆನಪಾಗುವುದು ಬಾಡಿಗೆ ಪುಸ್ತಕದಂಗಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದವರು ನಾವು. ಕತ್ತಲ ಓಣಿ, ಬದಲಿಸಿದ ವೇಷ, ಜೇಬಿನಲ್ಲೊಂದು ಪಿಸ್ತೂಲು... ಅಂಥ ಕೆಲಸಕ್ಕೆ ಗುಂಡಿಗೆ ಗಟ್ಟಿಯಿರಬೇಕು, ಬುದ್ಧಿ ಚುರುಕಾಗಿರಬೇಕು, ಒಂದಿಷ್ಟು ಕಪಟವೂ ತಿಳಿದಿರಬೇಕು ಎಂಬ ಚಿತ್ರ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತು. ಆ ಚಿತ್ರ ಅರ್ಧ ಮಾತ್ರ.

ಬೇಹುಗಾರಿಕೆಯ ಮನೆಯಲ್ಲಿ ಎರಡು ಬಗೆಯ ಜನರಿರುತ್ತಾರೆ. ಸುದ್ದಿಯನ್ನು ತರುವವರು ಒಬ್ಬರು. ತಂದ ಸುದ್ದಿಯನ್ನು ಹರಡಿಕೊಂಡು ಕುಳಿತು, ಇದರಲ್ಲಿ ನಿಜವೆಷ್ಟು, ಇದರ ಅರ್ಥವೇನು, ನಾಳೆ ಏನಾಗಬಹುದು ಎಂದು ಯೋಚಿಸಿ ಬರೆದು ಕೊಡುವವರು ಇನ್ನೊಬ್ಬರು. ಇವರನ್ನು ವಿಶ್ಲೇಷಕರು ಎನ್ನುತ್ತಾರೆ. ಇವರ ಕೈಯಲ್ಲಿ ಪಿಸ್ತೂಲಿಲ್ಲ. ಮುಂದೆ ಒಂದು ಮೇಜು, ಒಂದಿಷ್ಟು ಕಡತ, ಒಂದು ಕಂಪ್ಯೂಟರ್, ಅಷ್ಟೆ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂರುತ್ತಿದ್ದ ನಮ್ಮ ಅಜ್ಜಿಯರ ಕೆಲಸಕ್ಕೆ ಇದು ಹೆಚ್ಚು ಹತ್ತಿರ. ಕಪ್ಪು ಕಲ್ಲನ್ನು ಯಾರಾದರೂ ಆರಿಸಿಯಾರು. ಅಕ್ಕಿಯದೇ ಬಣ್ಣದ ಬಿಳಿ ಕಲ್ಲನ್ನು ಆರಿಸಲು ಕಣ್ಣು ಬೇಕು. ಅದು ತಪ್ಪಿದರೆ ಗೊತ್ತಾಗುವುದು ಊಟಕ್ಕೆ ಕುಳಿತವರ ಹಲ್ಲಿಗೆ. ದೇಶದ ವಿಷಯದಲ್ಲಾದರೆ, ಗಡಿಯಲ್ಲಿ ನಿಂತ ಯಾರದೋ ಮಗನ ಜೀವಕ್ಕೆ.

ಇಂಥ ಕೆಲಸಕ್ಕೆ ಜನರನ್ನು ಆರಿಸುವ ಮಂಡಳಿಯಲ್ಲಿ ನನ್ನನ್ನು ಯಾರೂ ಕೂರಿಸುವುದಿಲ್ಲ ಬಿಡಿ. ಆದರೂ ಯಾವ ಗುಣ ನೋಡಿ ಆರಿಸಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಬುದ್ಧಿಯ ಪ್ರಶ್ನೆಯಾಗಿ ಶುರುವಾದ ಇದು, ಓದುತ್ತ ಹೋದಂತೆ, ನೀತಿಯ ಪ್ರಶ್ನೆಯಾಗಿ ನನ್ನೆದುರು ನಿಂತಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಶತ್ರುಗಳ ಗುಪ್ತ ಸಂದೇಶಗಳನ್ನು ಬಿಡಿಸುವ ಒಂದು ದೊಡ್ಡ ಕೇಂದ್ರವಿತ್ತು. 1945ರ ಹೊತ್ತಿಗೆ ಅಲ್ಲಿ ಸುಮಾರು 9,000 ಜನ ದುಡಿಯುತ್ತಿದ್ದರು, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು! ಅಲ್ಲಿಗೆ ಜನರನ್ನು ಹುಡುಕಿದ ಬಗೆಯೇ ಸ್ವಾರಸ್ಯ. ಗಣಿತಜ್ಞರನ್ನು ಕರೆದರು, ಭಾಷೆ ಓದಿದವರನ್ನು ಕರೆದರು, ಚದುರಂಗದ ಆಟಗಾರರನ್ನೂ ಕರೆದರು. 1942ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ ಪತ್ರಿಕೆ ಹನ್ನೆರಡು ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆಯೊಂದನ್ನು ನಡೆಸಿತು. ಅದರಲ್ಲಿ ಭಾಗವಹಿಸಿದ ಕೆಲವರಿಗೆ ಆಮೇಲೆ ಸರ್ಕಾರದಿಂದ ಕಾಗದ ಬಂತು. ವಾರಪತ್ರಿಕೆ ಬಂದ ಕೂಡಲೇ ಪದಬಂಧದ ಪುಟಕ್ಕೆ ಕೈಹಾಕುವ ನನ್ನ ಗೆಳತಿಯರು ಇದನ್ನು ಕೇಳಿ ಬೀಗಬಹುದು.

ಅಲ್ಲಿದ್ದ ಮೇವಿಸ್ ಲಿವರ್ ಎಂಬ ಹುಡುಗಿಯ ಕಥೆ ನನಗೆ ಬಹಳ ಇಷ್ಟ. ಜರ್ಮನ್ ಭಾಷೆ ಓದುತ್ತಿದ್ದ, ಇನ್ನೂ ಹತ್ತೊಂಬತ್ತರ ಹರೆಯದವಳು. ಅವಳ ಮುಂದಿದ್ದುದು ಎನಿಗ್ಮಾ ಯಂತ್ರದಿಂದ ಹೊರಟ ಇಟಲಿಯ ನೌಕಾದಳದ ಸಂದೇಶಗಳು. ಆ ಯಂತ್ರಕ್ಕೆ ಒಂದು ವಿಶೇಷವಿತ್ತು. ಯಾವ ಅಕ್ಷರವನ್ನು ಒತ್ತಿದರೂ ಅದು ಬೇರೆ ಅಕ್ಷರವಾಗಿಯೇ ಹೊರಬರುತ್ತಿತ್ತು, ಎಂದೂ ತಾನಾಗಿ ಬರುತ್ತಿರಲಿಲ್ಲ. ಒಂದು ದಿನ ಉದ್ದನೆಯ ಒಂದು ಸಂದೇಶದ ಮೇಲೆ ಕಣ್ಣಾಡಿಸುತ್ತಿದ್ದ ಮೇವಿಸ್‌ಗೆ ಅದರಲ್ಲಿ ‘ಎಲ್’ ಅಕ್ಷರ ಒಂದು ಕಡೆಯೂ ಇಲ್ಲವೆಂದು ಹೊಳೆಯಿತು. ಅತ್ತ ಕಡೆ ಯಾರೋ ಒಬ್ಬ, ಪರೀಕ್ಷೆಗಾಗಿ ಏನಾದರೂ ಕಳಿಸು ಎಂದದ್ದಕ್ಕೆ ಬೇಸರಪಟ್ಟು ಬರೀ ‘ಎಲ್’ ಒತ್ತುತ್ತ ಕುಳಿತಿದ್ದ! ಆ ಸೋಮಾರಿತನದ ಎಳೆ ಹಿಡಿದು ಯಂತ್ರದ ಒಳಜೋಡಣೆಯ ಗುಟ್ಟನ್ನೇ ಅವರು ಬಿಡಿಸಿದರು. 1941ರ ಮಾರ್ಚ್‌ನಲ್ಲಿ ಅವಳೂ ಅವಳ ಸಂಗಡಿಗರೂ ಓದಿಕೊಟ್ಟ ಸಂದೇಶಗಳಿಂದಾಗಿ ಮಟಪಾನ್ ಸಮುದ್ರ ಕಾಳಗದಲ್ಲಿ ಇಟಲಿ ಮೂರು ದೊಡ್ಡ ಯುದ್ಧನೌಕೆಗಳನ್ನು ಕಳೆದುಕೊಂಡಿತು.

ಇರುವುದನ್ನು ಎಲ್ಲರೂ ನೋಡುತ್ತಾರೆ. ಇರಬೇಕಾದ್ದು ಇಲ್ಲ ಎಂಬುದನ್ನು ಕಾಣುವವರು ಅಪರೂಪ. ಮಗಳು ಮೊದಲ ಸಲ ತವರಿಗೆ ಬಂದಾಗ ಅವಳು ಏನೇನು ಹೇಳಿದಳು ಎಂಬುದಕ್ಕಿಂತ ಏನನ್ನು ಹೇಳಲಿಲ್ಲ ಎಂಬುದನ್ನು ಗಮನಿಸುವ ತಾಯಿ ಇರುತ್ತಾಳಲ್ಲ, ಆ ಕಣ್ಣು ಈ ಕೆಲಸಕ್ಕೆ ಬೇಕು.

ಎರಡನೆಯದು ಲೆಕ್ಕದ ಪುಸ್ತಕ ಬರೆಯುವ ತಾಳ್ಮೆ. ಅಮೆರಿಕದ ಸಿ.ಐ.ಎ. ಸಂಸ್ಥೆಯೊಳಗೇ ಒಬ್ಬ ದ್ರೋಹಿ ಸೇರಿಕೊಂಡಿದ್ದ. 1985ರಿಂದ ರಷ್ಯಾದಲ್ಲಿ ಅವರಿಗಾಗಿ ಗುಟ್ಟಾಗಿ ದುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು, ಹಲವರಿಗೆ ಮರಣದಂಡನೆಯಾಯಿತು. ಕೊನೆಗೆ ಅವನನ್ನು ಪತ್ತೆಹಚ್ಚಿದ ತಂಡದ ಮುಂದಾಳು ಜೀನ್ ವರ್ಟಫೇ, 1954ರಲ್ಲಿ ಟೈಪಿಸ್ಟ್ ಆಗಿ ಆ ಸಂಸ್ಥೆಯನ್ನು ಸೇರಿದ್ದ ಹೆಂಗಸು. ಅವರ ಜೊತೆಗಾತಿ ಸ್ಯಾಂಡಿ ಗ್ರೈಮ್ಸ್ ಮಾಡಿದ್ದು ತೀರ ಸಾಧಾರಣ ಕೆಲಸ. ಸಹೋದ್ಯೋಗಿ ಆಲ್ಡ್ರಿಚ್ ಏಮ್ಸ್ ಯಾವ ದಿನ ಎಲ್ಲಿ ಹೋಗಿದ್ದ, ಯಾರೊಡನೆ ಊಟ ಮಾಡಿದ್ದ ಎಂದು ದಿನಾಂಕವಾರು ಪಟ್ಟಿ ಮಾಡುತ್ತ ಹೋದರು. ಅವನ ಬ್ಯಾಂಕ್ ಲೆಕ್ಕ ಕೈಗೆ ಬಂದ ಮೇಲೆ ಅದನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದರು. 1985ರ ಮೇ 17ರಂದು ಸೋವಿಯತ್ ರಾಯಭಾರ ಕಚೇರಿಯ ಅಧಿಕಾರಿಯೊಡನೆ ಊಟ. ಮೇ 18ರಂದು ಬ್ಯಾಂಕಿಗೆ 9,000 ಡಾಲರ್. ಜುಲೈ 2ರಂದು ಮತ್ತೆ ಊಟ. ಜುಲೈ 5ರಂದು ಮತ್ತೆ ಹಣ. ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಯಾವ ಗೃಹಿಣಿಗೂ ಈ ವಿದ್ಯೆ ಹೊಸದಲ್ಲ. 1994ರ ಫೆಬ್ರವರಿಯಲ್ಲಿ ಏಮ್ಸ್ ಬಂಧನವಾಯಿತು.

ಕಣ್ಣು, ತಾಳ್ಮೆ ಇವೆರಡನ್ನೂ ಒಂದು ಪರೀಕ್ಷೆ ಇಟ್ಟು ಕಂಡುಹಿಡಿಯಬಹುದು. ಮೂರನೆಯ ಗುಣದಿಂದ ಕಷ್ಟ ಆರಂಭವಾಗುತ್ತದೆ. ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಗುಣ ಅದು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಶೆರ್ಮನ್ ಕೆಂಟ್ ಆಮೇಲೆ ಸಿ.ಐ.ಎ. ಸೇರಿದರು. 1951ರಲ್ಲಿ ಅವರ ತಂಡ ಒಂದು ವರದಿ ಬರೆಯಿತು. ಯುಗೋಸ್ಲಾವಿಯಾದ ಮೇಲೆ ಆ ವರ್ಷ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದು ಅದರಲ್ಲಿತ್ತು. ಹಾಗೆಂದರೆ ನೂರಕ್ಕೆ ಎಷ್ಟು ಎಂದು ಒಬ್ಬ ಅಧಿಕಾರಿ ಕೇಳಿದಾಗ ಕೆಂಟ್ 65 ಎಂದರು. ಕೇಳಿದವರು ಬೆಚ್ಚಿದರು, ಅವರು ಅದನ್ನು ಬಹಳ ಕಡಿಮೆ ಎಂದು ತಿಳಿದಿದ್ದರು. ಕೆಂಟ್ ತಿರುಗಿ ಬಂದು ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ತಮ್ಮ ಸಂಗಡಿಗರನ್ನು ಒಬ್ಬೊಬ್ಬರಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ ನೂರಕ್ಕೆ 80 ಇತ್ತು, ಮತ್ತೊಬ್ಬರ ಮನಸ್ಸಿನಲ್ಲಿ 20! ಎಲ್ಲರೂ ಒಂದೇ ಮಾತಿನ ಚಾಪೆಯ ಕೆಳಗೆ ತಮ್ಮ ತಮ್ಮ ಭಿನ್ನಾಭಿಪ್ರಾಯವನ್ನು ಗುಡಿಸಿಟ್ಟಿದ್ದರು. ‘ನೋಡೋಣ’, ‘ಆಗಬಹುದು’, ‘ದೇವರಿಚ್ಛೆ’ ಎಂಬ ಮಾತುಗಳಲ್ಲಿ ನಾವು ಎಷ್ಟನ್ನು ಗುಡಿಸಿಡುತ್ತೇವೆ ಎಂದು ಯೋಚಿಸಿದರೆ ನಗು ಬರುತ್ತದೆ, ಒಂದಿಷ್ಟು ಭಯವೂ ಆಗುತ್ತದೆ.

ಫಿಲಿಪ್ ಟೆಟ್ಲಾಕ್ ಎಂಬ ವಿದ್ವಾಂಸರು 2011ರಿಂದ ಕೆಲವು ವರ್ಷ ಸಾವಿರಾರು ಜನಸಾಮಾನ್ಯರಿಂದ ಲೋಕದ ಆಗುಹೋಗುಗಳ ಬಗ್ಗೆ ಭವಿಷ್ಯ ಹೇಳಿಸಿ ಲೆಕ್ಕ ಇಟ್ಟರು. ಚೆನ್ನಾಗಿ ಹೇಳಿದವರಲ್ಲಿ ನಿವೃತ್ತರಿದ್ದರು, ಯಾವ ಹೆಸರೂ ಇಲ್ಲದವರಿದ್ದರು. ಹೊಸ ಸುದ್ದಿ ಬಂದಾಗ ತಮ್ಮ ಅಭಿಪ್ರಾಯವನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳಲು ನಾಚದಿರುವುದು ಅವರಲ್ಲಿ ಎದ್ದು ಕಾಣುವ ಗುಣವಾಗಿತ್ತು. ಆಡಿದ ಮಾತಿಗೆ ಅಂಟಿಕೊಳ್ಳುವುದನ್ನು ನಾವು ದೊಡ್ಡಗುಣ ಎನ್ನುತ್ತೇವೆ. ಕೊಟ್ಟ ಮಾತಿನ ವಿಷಯದಲ್ಲಿ ಅದು ಸರಿ. ಊಹೆಯ ವಿಷಯದಲ್ಲಿ ಅದು ಬರೀ ಹಟ.

ಈ ವಿದ್ಯೆಗೆ ನಮ್ಮಲ್ಲೇ ಒಂದು ಹಳೆಯ ಗ್ರಂಥವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ತಾಳೆಗರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’. ಗೂಢಚಾರರು ಒಬ್ಬರನ್ನೊಬ್ಬರು ಅರಿತಿರಬಾರದು, ಮೂವರು ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬಬೇಕು ಎನ್ನುತ್ತಾನೆ ಅವನು. ನಮ್ಮ ಮನೆಗಳಲ್ಲಿ ಗಂಡಿನ ಕಡೆಯ ವಿಚಾರಣೆ ಮಾಡುವಾಗಲೂ ಇದೇ ನಿಯಮ. ಮೂರು ಜನ ‘ಹುಡುಗ ಚಿನ್ನದಂಥವನು’ ಎನ್ನುತ್ತಾರೆ. ಮೂವರಿಗೂ ಹಾಗೆಂದು ಹೇಳಿದವನು ಅದೇ ಮದುವೆ ದಲ್ಲಾಳಿ ಎಂದು ಆಮೇಲೆ ತಿಳಿಯುತ್ತದೆ. ಆಗ ಅದು ಮೂರು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ಮೂರು ಪ್ರತಿಧ್ವನಿ. ಇರಾಕಿನಲ್ಲಿ ಸಂಚಾರಿ ವಿಷಾಣು ಕಾರ್ಖಾನೆಗಳಿವೆ ಎಂದು 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮುಂದೆ ಅಮೆರಿಕ ಹೇಳಿದ ಮಾತು ಬಹುಪಾಲು ನಿಂತಿದ್ದುದು ಜರ್ಮನಿಗೆ ವಲಸೆ ಹೋಗಿದ್ದ ಒಬ್ಬನೇ ಇರಾಕಿಯ ಹೇಳಿಕೆಯ ಮೇಲೆ. ಅಂಥ ಕಾರ್ಖಾನೆಗಳು ಸಿಗಲಿಲ್ಲ. 2011ರಲ್ಲಿ ಆತನೇ ತಾನು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಒಂದು ದೇಶ ನುಚ್ಚುನೂರಾಗಿತ್ತು.

ಗಂಡಿನ ವಿಚಾರಣೆಯ ಮಾತು ಬಂತಲ್ಲ, ನಮ್ಮ ಬಳಗದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಆಗ ನಾನು ಕಾಫಿ ಲೋಟ ಹಂಚುವ ವಯಸ್ಸಿನವಳು. ಗಂಡಿನವರು ಬಂದು ಹೋದ ಮೇಲೆ ಮನೆಯವರೆಲ್ಲ ಒಪ್ಪಿಗೆಯ ಸಂಭ್ರಮದಲ್ಲಿದ್ದರು. ಮೂಲೆಯಲ್ಲಿ ಕುಳಿತಿದ್ದ ವಿಧವೆ ಸೋದರತ್ತೆಯೊಬ್ಬರು ಮೆಲ್ಲಗೆ ಕೇಳಿದರು: “ಹುಡುಗನನ್ನು ಕೇಳಿದ್ದಕ್ಕೆಲ್ಲ ಅವನ ತಾಯಿಯೇ ಉತ್ತರ ಕೊಟ್ಟಳಲ್ಲ, ಗಮನಿಸಿದಿರಾ?” ಮನೆ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಎಲ್ಲರೂ ಅವರ ಮೇಲೆ ಹರಿಹಾಯ್ದರು. ಶುಭ ಕೆಲಸಕ್ಕೆ ಅಪಶಕುನದ ಬಾಯಿ ಎಂದರು. ಅವರು ಮತ್ತೆ ಮಾತಾಡಲಿಲ್ಲ. ಎರಡು ವರ್ಷದೊಳಗೆ ಆ ಹುಡುಗಿ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದಳು. ‘ಅತ್ತೆ, ನಿಮ್ಮ ಮಾತು ನಿಜವಾಯಿತು’ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ. ಸರಿಯಾಗಿ ಕಂಡವರನ್ನು ಜನ ತಪ್ಪಾಗಿ ಕಂಡವರಿಗಿಂತ ಕಷ್ಟದಿಂದ ಕ್ಷಮಿಸುತ್ತಾರೆ. ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಆರಿಸುವವರು ಧೈರ್ಯವನ್ನೂ ನಿಷ್ಠೆಯನ್ನೂ ನೋಡಬೇಕು. ಅದನ್ನು ಅಳೆಯುವುದು ಹೇಗೆ? ಸುಳ್ಳು ಪತ್ತೆ ಮಾಡುವ ಯಂತ್ರವೊಂದಿದೆಯಲ್ಲ, ಏಮ್ಸ್ ದ್ರೋಹ ಮಾಡುತ್ತಲೇ 1986 ಮತ್ತು 1991ರಲ್ಲಿ ಅದರ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ. ಕ್ಯೂಬಾದ ವಿಷಯದಲ್ಲಿ ಅಮೆರಿಕದ ರಕ್ಷಣಾ ಬೇಹುಗಾರಿಕೆ ಸಂಸ್ಥೆಯ ಹೆಸರಾಂತ ವಿಶ್ಲೇಷಕಿಯಾಗಿದ್ದ ಆನಾ ಮಾಂಟೆಸ್ 1985ರಲ್ಲಿ ಅಲ್ಲಿ ಸೇರಿದ್ದು ಕ್ಯೂಬಾದ ಗೂಢಚಾರಿಣಿಯಾಗಿಯೇ. 2001ರಲ್ಲಿ ಸೆರೆಯಾಗುವ ತನಕ ಕಡತಗಳನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಹೋಗಿ ಬರೆದಿಡುತ್ತಿದ್ದಳು. ಕಣ್ಣು, ತಾಳ್ಮೆ, ಬುದ್ಧಿ ಯಾವುದಕ್ಕೂ ಕೊರತೆಯಿರಲಿಲ್ಲ. ಹಣದಾಸೆಯೂ ಇರಲಿಲ್ಲ, ತನ್ನ ದೇಶ ಕ್ಯೂಬಾಕ್ಕೆ ಅನ್ಯಾಯ ಮಾಡುತ್ತಿದೆ, ತಾನು ಆತ್ಮಸಾಕ್ಷಿಯಂತೆ ನಡೆದೆ ಎಂದು ನ್ಯಾಯಾಲಯದಲ್ಲಿ ಹೇಳಿದಳು. 25 ವರ್ಷ ಶಿಕ್ಷೆಯಾಗಿ, 2023ರಲ್ಲಿ ಬಿಡುಗಡೆಯಾದಳು.

ಅವಳ ಆತ್ಮಸಾಕ್ಷಿಯ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಸೋದರತ್ತೆ ತಮ್ಮ ಭಿನ್ನಮತವನ್ನು ಎಲ್ಲರ ಮುಂದೆ, ತಮ್ಮ ಬಾಯಿಂದಲೇ ಹೇಳಿ ಅದರ ಬೆಲೆ ತೆತ್ತರು. ಮಾಂಟೆಸ್ ಹದಿನಾರು ವರ್ಷ ತಾನು ಒಪ್ಪದ ಮನೆಯಲ್ಲಿ ಒಪ್ಪಿದವಳಂತೆ ಊಟ ಮಾಡಿದಳು. ಭಿನ್ನಮತಕ್ಕೆ ರುಜು ಇರುತ್ತದೆ, ದ್ರೋಹಕ್ಕೆ ಇರುವುದಿಲ್ಲ. ನನಗೆ ಕಾಣುವ ಗೆರೆ ಇದು.

ಕೌಟಿಲ್ಯ ಮಂತ್ರಿಗಳ ನಿಷ್ಠೆಯನ್ನು ಪರೀಕ್ಷಿಸಲು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಗುಟ್ಟು ಆಮಿಷಗಳನ್ನು ಹೇಳುತ್ತಾನೆ. ಪಟ್ಟಿಯನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಕೊನೆಯಲ್ಲಿ ಅವನೇ ಒಂದು ಎಚ್ಚರಿಕೆ ಸೇರಿಸಿದ್ದಾನೆ. ಶುದ್ಧವಾದ ನೀರಿಗೆ ವಿಷ ಬೆರೆಸಿದಂತೆ ಕೆಡದವರನ್ನು ಕೆಡಿಸಿಬಿಡಬೇಡಿ. ಒಮ್ಮೆ ಕಲಕಿದ ಮನಸ್ಸು ಮತ್ತೆ ಮೊದಲಿನಂತಾಗದೆ ಹೋದೀತು ಎಂದು. ಕಠೋರನೆಂದು ಹೆಸರಾದವನ ಲೇಖನಿಯಿಂದ ಬಂದ ಈ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನಿಷ್ಠೆ ಪರೀಕ್ಷೆಯಿಂದ ತಿಳಿಯುವುದಕ್ಕಿಂತ ಹೆಚ್ಚಾಗಿ ನಡೆಸಿಕೊಳ್ಳುವ ರೀತಿಯಿಂದ ಬೆಳೆಯುತ್ತದೆ ಎಂದು ಅವನಿಗೂ ಅನಿಸಿತ್ತೋ ಏನೋ.

ಈ ಗುಣಗಳೆಲ್ಲ ಒಬ್ಬನಲ್ಲಿ ಇದ್ದರೂ ಏನಾಗುತ್ತದೆ ನೋಡಿ. 1973ರ ಅಕ್ಟೋಬರ್ 1ರಂದು ಇಸ್ರೇಲಿನ ದಕ್ಷಿಣ ಸೇನಾ ವಿಭಾಗದ ತರುಣ ಬೇಹುಗಾರಿಕೆ ಅಧಿಕಾರಿ ಬಿನ್ಯಾಮಿನ್ ಸಿಮಾನ್-ಟೊವ್ ಒಂದು ವರದಿ ಬರೆದ. ಈಜಿಪ್ಟ್ ನಡೆಸುತ್ತಿರುವುದು ಬರೀ ಕವಾಯತಲ್ಲ, ಅದು ಯುದ್ಧಸಿದ್ಧತೆಯ ಮುಸುಕಿರಬಹುದು ಎಂದು. ಎರಡು ದಿನ ಬಿಟ್ಟು ಇನ್ನೊಂದು ಬರೆದ. ಅವನ ಮೇಲಧಿಕಾರಿ ಅವನ್ನು ಮೇಲಕ್ಕೆ ಕಳಿಸಲಿಲ್ಲ. ದೂರಗಾಮಿ ವಿಮಾನಗಳಿಲ್ಲದೆ ಈಜಿಪ್ಟ್ ಯುದ್ಧಕ್ಕೆ ಬರುವುದಿಲ್ಲ ಎಂಬುದು ದೊಡ್ಡವರ ಗಟ್ಟಿ ಸಿದ್ಧಾಂತ. ಅಕ್ಟೋಬರ್ 6ರಂದು ಯುದ್ಧ ಬಂತು. ಅದರ ವಿಚಾರಣೆಯಾಯಿತು, ತಲೆಗಳು ಉರುಳಿದವು. ಎಲ್ಲರೂ ಒಪ್ಪಿದ್ದನ್ನು ಬೇಕೆಂದೇ ಅಲ್ಲಗಳೆದು ನೋಡುವುದಕ್ಕಾಗಿಯೇ ಒಂದು ಪ್ರತ್ಯೇಕ ವಿಭಾಗವನ್ನು ತೆರೆದರು.

ಐವತ್ತು ವರ್ಷದ ಮೇಲೆ ಒಂದು ದಿನ ಕಳೆಯಿತು. ಗಾಜಾ ಗಡಿಯ ಪರದೆಗಳನ್ನು ಹಗಲಿರುಳು ನೋಡುತ್ತ ಕೂರುವ ಕೆಲಸ ಅಲ್ಲಿ ಎಳೆಯ ಹುಡುಗಿಯರದು. ಬೇಲಿಯಾಚೆ ಏನೋ ಬದಲಾಗಿದೆ, ದಾಳಿಯ ಅಭ್ಯಾಸ ನಡೆಯುತ್ತಿದೆ ಎಂದು ತಿಂಗಳುಗಳ ಕಾಲ ಮೇಲಿನವರಿಗೆ ತಿಳಿಸಿದೆವು, ಕಿವಿಗೊಡಲಿಲ್ಲ ಎಂದು ಬದುಕಿ ಉಳಿದವರು ಆಮೇಲೆ ಹೇಳಿದರು. 2023ರ ಅಕ್ಟೋಬರ್ 7ರಂದು ನಹಾಲ್ ಓಜ್ ನೆಲೆಯಲ್ಲಿ ಆ ಹುಡುಗಿಯರಲ್ಲಿ ಹಲವರು ಸತ್ತರು, ಕೆಲವರು ಒತ್ತೆಯಾಳುಗಳಾದರು. ಆಮೇಲೆ ಗಡಿಯ ಆಚೆ ಸತ್ತ ಸಾವಿರಾರು ಹೆಂಗಸರು ಮಕ್ಕಳನ್ನು ನೆನೆದರೆ, ಒಂದು ಕಿವಿ ಮುಚ್ಚಿದ್ದಕ್ಕೆ ಯಾರು ಯಾರು ಬೆಲೆ ತೆರಬೇಕಾಯಿತು ಎಂದು ಎದೆ ಭಾರವಾಗುತ್ತದೆ. ಅಲ್ಲಗಳೆಯುವ ಕುರ್ಚಿಯೊಂದನ್ನು ಇಟ್ಟಿದ್ದರು, ನಿಜ. ಅದರಲ್ಲಿ ಕುಳಿತವರ ಮಾತನ್ನು ಕೇಳಲೇಬೇಕೆಂಬ ಮನಸ್ಸನ್ನು ಯಾವ ಆದೇಶದಿಂದ ತರುವುದು?

ನಮ್ಮ ಕಾರ್ಗಿಲ್‌ನಲ್ಲಿ 1999ರ ಮೇ ತಿಂಗಳ ಆರಂಭದಲ್ಲಿ, ತಪ್ಪಿಸಿಕೊಂಡ ತನ್ನ ಯಾಕ್ ಹುಡುಕುತ್ತ ಹೋಗಿದ್ದ ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ ಗುಡ್ಡದ ಮೇಲೆ ಅಪರಿಚಿತರನ್ನು ಕಂಡು ಸೈನ್ಯಕ್ಕೆ ತಿಳಿಸಿದ. ಸೈನ್ಯ ಅವನ ಮಾತಿಗೆ ಬೆಲೆಕೊಟ್ಟು ತಪಾಸಣೆಗೆ ತುಕಡಿಗಳನ್ನು ಕಳಿಸಿತು. ಆದರೆ ಅದಕ್ಕೂ ಮೊದಲು ಚೂರುಚೂರಾಗಿ ಬಂದ ಮಾಹಿತಿಯನ್ನು ಒಟ್ಟು ಸೇರಿಸಿ ನೋಡುವ, ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆ ದುರ್ಬಲವಾಗಿತ್ತೆಂದು ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ತೋರಿಸಿಕೊಟ್ಟಿತು. ಒಬ್ಬೊಬ್ಬರ ಮೊರದಲ್ಲಿ ಒಂದೊಂದು ಹಿಡಿ ಅಕ್ಕಿ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮರೆಯಬಾರದು. ದಿನಕ್ಕೆ ನೂರು ಎಚ್ಚರಿಕೆಗಳು ಬರುವ ಮೇಜಿನ ಹಿಂದೆ ಕುಳಿತವನು ಎಲ್ಲಕ್ಕೂ ಬೆಚ್ಚಿಬಿದ್ದರೆ ಆಡಳಿತ ನಡೆದೀತೇ? 1973ರ ವಸಂತದಲ್ಲೇ ಒಮ್ಮೆ ಯುದ್ಧದ ಭಯ ಹುಟ್ಟಿ, ಇಸ್ರೇಲ್ ಬಹಳ ಹಣ ಸುರಿದು ಸಿದ್ಧವಾಗಿ, ಯುದ್ಧವೇ ಬರಲಿಲ್ಲ. ತೋಳ ಬಂತು ತೋಳ ಎಂಬ ಕಥೆ ಅವರಿಗೂ ಗೊತ್ತಿತ್ತು. ಆದ್ದರಿಂದ ಹೇಳಿದ್ದನ್ನೆಲ್ಲ ನಂಬಿ ಎಂದು ನಾನು ಹೇಳಲಾರೆ. ‘ನಿನ್ನ ಮಾತನ್ನು ಪೂರ್ತಿ ಕೇಳಿದೆ, ಒಪ್ಪಲಿಲ್ಲ, ಇಂಥ ಕಾರಣಕ್ಕೆ ಒಪ್ಪಲಿಲ್ಲ’ ಎಂದು ಬರೆದು ರುಜು ಹಾಕುವಷ್ಟು ಋಣ ಮೇಲಿನವರ ಮೇಲಿದೆ. ಕಿರಿಯರಿಂದ ರುಜುವಿನ ಧೈರ್ಯ ಕೇಳುವವರು ತಾವೂ ಅದನ್ನು ತೋರಬೇಡವೇ? ಕೆಳಗಿನವರ ವರದಿಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುವವನಿಗೆ ಮಾತ್ರ ಯಾವ ಧೈರ್ಯವೂ ಬೇಕಿಲ್ಲ.

ವಿಶ್ಲೇಷಕರನ್ನು ಆರಿಸುವ ಕೋಣೆಯಲ್ಲಿ ಮೊದಲ ಸಂದರ್ಶನ ಮೇಜಿನ ಆಚೆ ಕುಳಿತವರದೇ ಆಗಬೇಕೆಂದು ನನಗೀಗ ತೋರುತ್ತಿದೆ. ನಿಮಗೆ ಇಷ್ಟವಿಲ್ಲದ ಸುದ್ದಿಯನ್ನು ಕಿರಿಯರೊಬ್ಬರು ಕಡೆಯ ಸಲ ತಂದದ್ದು ಯಾವಾಗ? ಅದನ್ನು ಕೇಳಿ ನೀವು ಏನು ಮಾಡಿದಿರಿ? ಹಾಗೆ ಹೇಳಿದವರು ಈಗ ಎಲ್ಲಿದ್ದಾರೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಬಾಗಿಲಾಚೆ ಕಾಯುತ್ತಿರುವ ಹುಡುಗಿಯನ್ನು ಒಳಗೆ ಕರೆಯಲಿ. ಪದಬಂಧ ಬಿಡಿಸುವ ಹುಡುಗಿಯರಿಗೆ ಈ ದೇಶದಲ್ಲಿ ಬರವಿಲ್ಲ.